ವುಝೂವಿನ ನೀರು ಎಲ್ಲಿಗೆ ಹೋಗುತ್ತದೆ?



ದಿನಕ್ಕೆ ಐದು ಬಾರಿ ನಾವು ನಲ್ಲಿಯ ಮುಂದೆ ಕುಳಿತುಕೊಳ್ಳುತ್ತೇವೆ. ಕೈ ತೊಳೆಯುತ್ತೇವೆ, ಬಾಯಿ ಮುಕ್ಕಳಿಸುತ್ತೇವೆ, ಮುಖ ತೊಳೆಯುತ್ತೇವೆ, ತಲೆ ಸವರುತ್ತೇವೆ, ಕಾಲು ತೊಳೆಯುತ್ತೇವೆ. ಎದ್ದು ನಮಾಝ್‌ಗೆ ಹೋಗುತ್ತೇವೆ. ನಮ್ಮ ಹಿಂದೆ ಆ ನೀರು ಚರಂಡಿಯಲ್ಲಿ ಹರಿದುಹೋಗುತ್ತದೆ. ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಎಂದಾದರೂ ಯೋಚಿಸಿದ್ದೀರಾ?

ನಮ್ಮಲ್ಲಿ ಹೆಚ್ಚಿನವರು ಯೋಚಿಸಿರಲಾರರು. ನೀರು ಬರುತ್ತಿರುವ ತನಕ ನೀರಿನ ಬಗ್ಗೆ ಯೋಚಿಸುವ ಅಭ್ಯಾಸ ಮನುಷ್ಯನಿಗಿಲ್ಲ. ನಲ್ಲಿ ಒಣಗಿದ ದಿನ ಮಾತ್ರ ಅವನಿಗೆ ಎಚ್ಚರವಾಗುತ್ತದೆ. ಕುರ್‌ಆನಿನ ಅಲ್ ಮುಲ್ಕ್ ಅಧ್ಯಾಯವು ಕೊನೆಗೊಳ್ಳುವುದೇ ಈ ಎಚ್ಚರಿಕೆಯೊಂದಿಗೆ. ನಿಮ್ಮ ಬಾವಿಗಳ ನೀರು ನೆಲದಾಳಕ್ಕೆ ಇಂಗಿ ಹೋದರೆ ಹರಿಯುವ ನೀರನ್ನು ನಿಮಗೆ ತಂದುಕೊಡುವವರು ಯಾರು ಎಂದು ಅದು ನಮ್ಮನ್ನು ಕೇಳುತ್ತದೆ. ನಾವು ಈ ಅಧ್ಯಾಯವನ್ನು ಓದುತ್ತೇವೆ, ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ. ಆದರೆ ಆ ಪ್ರಶ್ನೆಯನ್ನು ನಮಗೇ ಕೇಳಿದ ಪ್ರಶ್ನೆಯೆಂದು ಭಾವಿಸುವುದಿಲ್ಲ.

ನಮ್ಮ ರಾಜ್ಯದ ರಾಜಧಾನಿಯ ಲಕ್ಷಾಂತರ ಜನರಿಗೆ 2024ರಲ್ಲಿ ಈ ಪ್ರಶ್ನೆ ನೇರವಾಗಿ ಎದುರಾಯಿತು. ಆ ನಗರ ಅದಕ್ಕೆ ಹೇಗೆ ಉತ್ತರ ಹುಡುಕಿತು, ಆ ಉತ್ತರದಲ್ಲಿ ನಮ್ಮ ಪಾಲಿನ ಹೊಣೆ ಏನು ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ.

ನೂರು ಕಿಲೋಮೀಟರ್ ದೂರದ ಅತಿಥಿ

ಬೆಂಗಳೂರು ನದಿಯ ದಡದಲ್ಲಿ ಬೆಳೆದ ನಗರವಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಅದು ನಿಂತಿದೆ. ಹಿಂದಿನವರು ಅಲ್ಲಿ ಕೆರೆ ಕಟ್ಟಿ, ಬಾವಿ ತೋಡಿ, ಮಳೆಯ ನೀರನ್ನು ಹಿಡಿದಿಟ್ಟು ಬದುಕಿದರು. ಜನಸಂಖ್ಯೆ ಬೆಳೆದಂತೆ 1894ರಲ್ಲಿ ಹೆಸರಘಟ್ಟದ ಕೆರೆಯಿಂದ ನಗರಕ್ಕೆ ಕೊಳವೆಯಲ್ಲಿ ನೀರು ಬಂತು. ಅದು ಸಾಲದೆ ಹೋದಾಗ 1933ರಲ್ಲಿ ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯದ ನೀರು ಬಂತು. ಅದೂ ಸಾಲದಾದಾಗ 1974ರಲ್ಲಿ ಕಾವೇರಿ ಬಂದಳು.

ಕಾವೇರಿ ಬಂದ ದಾರಿಯನ್ನು ಸ್ವಲ್ಪ ಗಮನಿಸಿ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ನೀರನ್ನು ಶುದ್ಧೀಕರಿಸುತ್ತಾರೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಹೀಗೆ ಹಂತಹಂತವಾಗಿ ದೊಡ್ಡ ಪಂಪುಗಳಿಂದ ಮೇಲೆತ್ತುತ್ತಾರೆ. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ! ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ತಿನ ಬಿಲ್ಲೇ ಬಹು ದೊಡ್ಡ ಪಾಲು. ಮೊದಲ ನಾಲ್ಕು ಹಂತಗಳ ಯೋಜನೆಗಳಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರ್ ನೀರು ಈ ರೀತಿ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವು ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಇನ್ನೂ 77.5 ಕೋಟಿ ಲೀಟರ್ ತರುವ ಯೋಜನೆ.

ಬೆಂಗಳೂರಿನ ಮನೆಯೊಂದರಲ್ಲಿ ನಲ್ಲಿ ತಿರುಗಿಸಿದಾಗ ಬೀಳುವ ನೀರು ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿ ಬಂದ ಅತಿಥಿ. ಅಷ್ಟು ದೂರದಿಂದ ಬಂದ ಅತಿಥಿಯನ್ನು ಬಾಗಿಲಲ್ಲೇ ಚರಂಡಿಗೆ ತಳ್ಳುವ ಮನೆಯವರನ್ನು ನೀವು ಏನೆಂದು ಕರೆಯುವಿರಿ?

ಎಚ್ಚರಿಸಿದ ಬೇಸಿಗೆ

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರ ಘೋಷಿಸಬೇಕಾಯಿತು. ಮರುವರ್ಷ ಫೆಬ್ರವರಿ, ಮಾರ್ಚ್ ತಿಂಗಳಾಗುವಷ್ಟರಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದವು. ಕಾವೇರಿ ನೀರು ತಲುಪದ ಹೊರವಲಯದ ಬಡಾವಣೆಗಳಲ್ಲಿ ಜನರು ಕೊಡ ಹಿಡಿದು ಟ್ಯಾಂಕರಿಗಾಗಿ ಸಾಲು ನಿಂತರು. ಟ್ಯಾಂಕರಿನ ಬೆಲೆ ಏರಿದಾಗ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಹಣವಿದ್ದವರು ದುಬಾರಿ ಬೆಲೆಗೆ ಕೊಂಡರು, ಇಲ್ಲದವರು ಕಾದರು.

ಆ ಮಾರ್ಚ್ ತಿಂಗಳಿನಲ್ಲಿಯೇ ರಮಝಾನ್ ಕೂಡಾ ಆರಂಭವಾಯಿತು. ಉಪವಾಸಿಗನಿಗೆ ಒಂದು ಗುಟುಕು ನೀರಿನ ಬೆಲೆ ಸಂಜೆಯ ಹೊತ್ತಿಗೆ ತಿಳಿಯುತ್ತದೆ. ಆ ವರ್ಷ ಇಡೀ ನಗರಕ್ಕೇ ಅದರ ಬೆಲೆ ತಿಳಿಯಿತು.

ಆಗ ಜಲಮಂಡಳಿ ಕೆಲವು ಕಟ್ಟುನಿಟ್ಟಿನ ಕ್ರಮಗಳನ್ನು ಕೈಗೊಂಡಿತು. ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ, ರಸ್ತೆ ಸ್ವಚ್ಛಗೊಳಿಸಲು, ಅಲಂಕಾರದ ಕಾರಂಜಿಗಳಿಗೆ ಕುಡಿಯುವ ನೀರನ್ನು ಬಳಸಬಾರದು ಎಂದು ಆದೇಶಿಸಿತು. ತಪ್ಪಿದವರಿಗೆ 5,000 ರೂಪಾಯಿ ದಂಡ. ಕೆಲವೇ ದಿನಗಳಲ್ಲಿ 22 ಮನೆಗಳಿಂದ 1.1 ಲಕ್ಷ ರೂಪಾಯಿ ದಂಡ ವಸೂಲಾಯಿತು. ಈಜುಕೊಳಗಳಿಗೆ ಕುಡಿಯುವ ನೀರು ತುಂಬುವುದನ್ನು ತಡೆಯಲಾಯಿತು. ಹೋಟೆಲು, ಮಳಿಗೆ, ಕಚೇರಿಗಳ ನಲ್ಲಿಗಳಿಗೆ ನೀರಿನ ಹರಿವನ್ನು ತಗ್ಗಿಸುವ ಏರೇಟರ್ ಎಂಬ ಸಣ್ಣ ಬಿಲ್ಲೆಯನ್ನು ಕಡ್ಡಾಯಗೊಳಿಸಲಾಯಿತು. ಈ ಬಿಲ್ಲೆ ನೀರಿನೊಂದಿಗೆ ಗಾಳಿಯನ್ನು ಬೆರೆಸುತ್ತದೆ. ಕೈ ತೊಳೆಯುವವನಿಗೆ ನೀರು ಕಡಿಮೆಯಾದಂತೆ ಅನಿಸುವುದಿಲ್ಲ, ಆದರೆ ಬೀಳುವ ನೀರು ಅರ್ಧಕ್ಕೂ ಕಡಿಮೆ.

ದಂಡದ ಭಯದಿಂದ ಜನ ತಿದ್ದಿಕೊಂಡರು. ಒಳ್ಳೆಯದೇ. ಆದರೆ ದಂಡ ವಿಧಿಸುವ ಅಧಿಕಾರಿ ನೋಡದ ಜಾಗದಲ್ಲಿ ಏನಾಗುತ್ತದೆ? ನಮ್ಮ ಸ್ನಾನದ ಮನೆಯೊಳಗೆ ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ನೋಡುವವನು ಅಲ್ಲಾಹನು ಮಾತ್ರ. ವಿಶ್ವಾಸವು ಪರೀಕ್ಷೆಗೊಳಗಾಗುವುದು ಇಂತಹ ಸ್ಥಳಗಳಲ್ಲಿಯೇ.

ಛಾವಣಿಯ ಮೇಲಿನ ಬಾವಿ

ಬಿಕ್ಕಟ್ಟಿನ ಮೊದಲೇ ನಗರ ಒಂದು ಮುಖ್ಯ ಹೆಜ್ಜೆ ಇಟ್ಟಿತ್ತು. 2009ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, 60x40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ, 30x40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಅದನ್ನು ಮಾಡುವ ವಿಧಾನಗಳನ್ನು ಜನರಿಗೆ ಕಣ್ಣಾರೆ ತೋರಿಸಲು ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಉದ್ಯಾನವೂ ಇದೆ.

ಇದರ ಲೆಕ್ಕ ಬಹಳ ಸುಲಭ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಬೀಳುತ್ತದೆ. 1,200 ಚದರ ಅಡಿಯ ಛಾವಣಿ ಎಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹಾಗಾದರೆ ಆ ಛಾವಣಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗಿಂತಲೂ ಹೆಚ್ಚು ನೀರು ಬೀಳುತ್ತದೆ! ಆವಿಯಾಗುವುದು, ಮೊದಲ ಮಳೆಯ ಕೊಳೆ ತೊಳೆದುಹೋಗುವುದು ಎಂದು ಐದನೇ ಒಂದು ಭಾಗ ಕಳೆದರೂ 80 ಸಾವಿರ ಲೀಟರ್ ಉಳಿಯಿತು. ಕರಾವಳಿಯ ಓದುಗರು ತಮ್ಮ ಊರಿನ ಮಳೆಯಿಂದ ಇದನ್ನು ಗುಣಿಸಿ ನೋಡಲಿ. ಅಲ್ಲಿ ಬೀಳುವುದು ಇದರ ಮೂರು ಪಟ್ಟಿಗೂ ಹೆಚ್ಚು. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಾವಿಗಳು ತಳ ಕಾಣುತ್ತವೆ. ಮಳೆ ಬಂದಿಲ್ಲ ಎಂಬುದು ಇದಕ್ಕೆ ಕಾರಣವಲ್ಲ, ಬಂದ ಮಳೆಯನ್ನು ನಾವು ನಿಲ್ಲಿಸಿಕೊಳ್ಳಲಿಲ್ಲ.

ಅಲ್ ಮೂಮಿನೂನ್ ಅಧ್ಯಾಯದಲ್ಲಿ ಅಲ್ಲಾಹನು ಆಕಾಶದಿಂದ ಒಂದು ಅಳತೆಗನುಸಾರ ನೀರನ್ನು ಇಳಿಸಿ ಅದನ್ನು ಭೂಮಿಯಲ್ಲಿ ನೆಲೆಗೊಳಿಸಿರುವುದಾಗಿಯೂ ಅದನ್ನು ಹಿಂದಕ್ಕೆ ಪಡೆಯಲು ತಾನು ಶಕ್ತನೆಂಬುದಾಗಿಯೂ ತಿಳಿಸುತ್ತಾನೆ. ನೆಲದಲ್ಲಿ ನೀರು ನೆಲೆಗೊಳ್ಳುವುದು ಅವನ ವ್ಯವಸ್ಥೆ. ನಾವು ಅಂಗಳಕ್ಕೆಲ್ಲಾ ಕಾಂಕ್ರೀಟು ಹಾಸಿ ಆ ವ್ಯವಸ್ಥೆಯ ಬಾಗಿಲನ್ನು ಮುಚ್ಚಿದ್ದೇವೆ.

ಕೊಳಚೆಯಿಂದ ಕೆರೆಗೆ

ಮನೆಯೊಂದರಲ್ಲಿ ಬಳಸಿದ ನೀರಿನ ಸುಮಾರು ಶೇಕಡಾ 80ರಷ್ಟು ಮತ್ತೆ ಚರಂಡಿಗೆ ಸೇರುತ್ತದೆ ಎಂಬುದು ನೀರಿನ ಯೋಜನೆ ಮಾಡುವವರು ಇಟ್ಟುಕೊಳ್ಳುವ ಲೆಕ್ಕ. ಅಂದರೆ ಬೆಟ್ಟ ಹತ್ತಿ ಬಂದ ಕಾವೇರಿಯ ಹೆಚ್ಚಿನ ಪಾಲು ಒಂದೇ ದಿನದಲ್ಲಿ ಕೊಳಚೆಯಾಗಿ ಕೆಳಗೆ ಹರಿಯುತ್ತದೆ. ಶುದ್ಧೀಕರಿಸದೆ ಬಿಟ್ಟ ಕೊಳಚೆ ಏನು ಮಾಡಬಲ್ಲದು ಎಂಬುದಕ್ಕೆ ಬೆಳ್ಳಂದೂರು ಕೆರೆಯೇ ಸಾಕ್ಷಿ. 2015ರಲ್ಲಿಯೂ 2017ರಲ್ಲಿಯೂ ಆ ಕೆರೆಗೆ ಬೆಂಕಿ ಹತ್ತಿಕೊಂಡಿತು! ಬೆಂಕಿಯನ್ನು ಆರಿಸಬೇಕಾದ ನೀರೇ ಹೊತ್ತಿ ಉರಿಯುವ ಕಾಲ ಬಂತು.

ಹಾಗಾದರೆ ಆ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸಬಾರದೇಕೆ? ಇದರ ಕ್ರಮ ಹೀಗಿದೆ. ಮೊದಲು ಜರಡಿಯಲ್ಲಿ ಕಸ, ಬಟ್ಟೆ, ಪ್ಲಾಸ್ಟಿಕ್ ತೆಗೆಯುತ್ತಾರೆ. ನಂತರ ತೊಟ್ಟಿಯಲ್ಲಿ ನೀರನ್ನು ನಿಧಾನಗೊಳಿಸಿ ಮರಳು, ಕೆಸರು ತಳಕ್ಕಿಳಿಯಲು ಬಿಡುತ್ತಾರೆ. ಆಮೇಲೆ ನೀರಿಗೆ ಗಾಳಿ ಊದುತ್ತಾರೆ. ಆ ಗಾಳಿಯಿಂದ ಕೋಟ್ಯಂತರ ಸೂಕ್ಷ್ಮಜೀವಿಗಳು ಬೆಳೆದು ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ಮುಗಿಸುತ್ತವೆ. ಮತ್ತೆ ನೀರನ್ನು ತಿಳಿಗೊಳಿಸುತ್ತಾರೆ. ಇದು ಎರಡನೇ ಹಂತ. ಇನ್ನೂ ಮುಂದುವರಿದು ಮರಳಿನ ಸೋಸುವಿಕೆ, ಕ್ಲೋರಿನ್ ಅಥವಾ ಅತಿನೇರಳೆ ಕಿರಣದಿಂದ ರೋಗಾಣು ನಾಶ ಮಾಡಿದರೆ ಮೂರನೇ ಹಂತ. ಕೊಳೆಯನ್ನು ತಿನ್ನುವ ಆ ಜೀವಿಗಳನ್ನು ಮನುಷ್ಯ ಸೃಷ್ಟಿಸಲಿಲ್ಲ. ನದಿಗಳಲ್ಲಿ, ಮಣ್ಣಿನಲ್ಲಿ ಅವು ಆದಿಯಿಂದಲೂ ಈ ಕೆಲಸದಲ್ಲಿ ನಿರತವಾಗಿವೆ. ಮನುಷ್ಯ ಅವುಗಳಿಗೊಂದು ತೊಟ್ಟಿ ಕಟ್ಟಿಕೊಟ್ಟ, ಅಷ್ಟೆ.

ಇಂದು ಬೆಂಗಳೂರಿನ ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗಿನ ಗಿಡಗಳಿಗೆ ಶುದ್ಧೀಕರಿಸಿದ ನೀರು ಹೋಗುತ್ತದೆ. ಯಲಹಂಕದ ಬಳಿಯ ಜಕ್ಕೂರು ಕೆರೆಯದ್ದು ಇನ್ನೊಂದು ಒಳ್ಳೆಯ ಮಾದರಿ. ಅಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗು ಪ್ರದೇಶದ ಮೂಲಕ ನಿಧಾನವಾಗಿ ಹಾದುಹೋಗುತ್ತದೆ. ಆ ಗಿಡಗಳು ಉಳಿದ ಕೊಳೆಯನ್ನು ಹೀರುತ್ತವೆ. ಕೆರೆ ತುಂಬುತ್ತದೆ, ಸುತ್ತಲಿನ ಬಾವಿಗಳಲ್ಲಿ ನೀರು ಏರುತ್ತದೆ, ಹಕ್ಕಿಗಳೂ ಬರುತ್ತವೆ.

ಎಲ್ಲಕ್ಕಿಂತ ದೊಡ್ಡ ಪ್ರಯತ್ನ ಕೋಲಾರದ್ದು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಅದು. ಸಾವಿರ ಅಡಿಗೂ ಆಳಕ್ಕೆ ಕೊಳವೆ ಬಾವಿ ಕೊರೆದು, ಫ್ಲೋರೈಡ್ ತುಂಬಿದ ನೀರು ಕುಡಿದು ಅಲ್ಲಿನ ಜನ ಬಳಲಿದ್ದಾರೆ. 2018ರ ಜೂನ್‌ನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ಕೊಳವೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲು ಆರಂಭಿಸಲಾಯಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳು ಎಂಬುದು ಯೋಜನೆಯ ಗುರಿ. ಲಕ್ಷ್ಮೀಸಾಗರ ಕೆರೆ ಮೊದಲು ತುಂಬಿತು. ವರ್ಷಗಳಿಂದ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು, ಸುತ್ತಲ ಅಂತರ್ಜಲ ಮೇಲೇರಿತು.

ಆದರೆ ಸತ್ಯವನ್ನು ಅರ್ಧ ಹೇಳಬಾರದು. ನೀರು ಹರಿದ ಮರು ತಿಂಗಳಲ್ಲೇ ಕೆರೆಯಲ್ಲಿ ನೊರೆ ಕಾಣಿಸಿತು. ವಿಷಯ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಸ್ವಲ್ಪ ಕಾಲ ನಿಂತ ಯೋಜನೆ ಮತ್ತೆ ಮುಂದುವರಿಯಿತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಆಗಬೇಕು ಎಂಬುದು ಅಲ್ಲಿನ ರೈತರ ಮತ್ತು ಹೋರಾಟಗಾರರ ಬೇಡಿಕೆ. ಇದು ನ್ಯಾಯವಾದ ಬೇಡಿಕೆ. ನಾವು ಬಳಸಿ ಬಿಟ್ಟದ್ದನ್ನು ನೆರೆಯವನಿಗೆ ಕೊಡುವಾಗ ನಮಗಾಗಿ ಬಯಸುವಷ್ಟೇ ಶುಚಿಯನ್ನು ಅವನಿಗಾಗಿಯೂ ಬಯಸಬೇಕಲ್ಲವೇ? ನಗರದ ಬಾಯಾರಿಕೆಗೆ ಮಂಡ್ಯದ ನೀರು, ನಗರದ ಕೊಳೆಗೆ ಕೋಲಾರದ ಕೆರೆ ಎಂದಾಗಬಾರದು.

ಒಂದು ಸಂದೇಹ: ಆ ನೀರು ಪಾಕ್ ಆಗುತ್ತದೆಯೇ?

ಇಲ್ಲಿಯವರೆಗೆ ಓದಿದ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಇದೆಲ್ಲಾ ಸರಿ, ಆದರೆ ಒಮ್ಮೆ ಮಲಮೂತ್ರ ಸೇರಿದ ನೀರು ಎಷ್ಟು ಶುದ್ಧೀಕರಿಸಿದರೂ ನಜೀಸೇ ಅಲ್ಲವೇ? ಅದು ಬಟ್ಟೆಗೆ ತಗಲಿದರೆ ನಮಾಝ್ ಆಗುವುದೇ? ಈ ಸಂದೇಹ ಸಹಜ. ಶುಚಿತ್ವದ ಬಗ್ಗೆ ಎಚ್ಚರವಿರುವ ಮನಸ್ಸಿನಲ್ಲಿಯೇ ಇಂತಹ ಪ್ರಶ್ನೆ ಹುಟ್ಟುತ್ತದೆ. ಆದ್ದರಿಂದ ಇದನ್ನು ತಳ್ಳಿಹಾಕದೆ ಉತ್ತರಿಸಬೇಕು.

ನೀರಿನ ಕುರಿತು ಫಿಕ್‌ಹ್‌ನ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಗುಣಗಳಿವೆ: ಬಣ್ಣ, ರುಚಿ, ವಾಸನೆ. ಮಾಲಿನ್ಯದಿಂದ ಇವುಗಳಲ್ಲಿ ಒಂದಾದರೂ ಕೆಟ್ಟರೆ ಆ ನೀರಿನಿಂದ ಶುದ್ಧಿಯಾಗದು. ಇದರಲ್ಲಿ ವಿದ್ವಾಂಸರೊಳಗೆ ಭಿನ್ನಾಭಿಪ್ರಾಯವಿಲ್ಲ. ಹಾಗಾದರೆ ಕೆಟ್ಟ ಗುಣ ಸಂಪೂರ್ಣವಾಗಿ ಹೋಗಿ ನೀರು ಮೊದಲಿನ ಸ್ಥಿತಿಗೆ ಮರಳಿದರೆ? ಈ ಪ್ರಶ್ನೆಯನ್ನು ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿಯು 1978ರಲ್ಲಿ ಕೂಲಂಕಷವಾಗಿ ಚರ್ಚಿಸಿತು. ಮರುಭೂಮಿಯ ಆ ದೇಶಕ್ಕೆ ಅದು ಬದುಕಿನ ಪ್ರಶ್ನೆಯಾಗಿತ್ತು. ಶುದ್ಧೀಕರಣದಿಂದ ನೀರಿನ ಬಣ್ಣ, ರುಚಿ, ವಾಸನೆಗಳಲ್ಲಿ ಮಾಲಿನ್ಯದ ಯಾವ ಕುರುಹೂ ಉಳಿಯದಿದ್ದರೆ, ಮತ್ತು ಈ ವಿಷಯದಲ್ಲಿ ಪರಿಣತಿಯುಳ್ಳ ಪ್ರಾಮಾಣಿಕರು ಅದಕ್ಕೆ ಸಾಕ್ಷಿ ನುಡಿದರೆ, ಆ ನೀರು ಶುದ್ಧವೆಂದೂ ಅದರಿಂದ ವುಝೂ ಮತ್ತು ಸ್ನಾನ ಮಾಡಬಹುದೆಂದೂ ಮಂಡಳಿ ತೀರ್ಮಾನಿಸಿತು. ಆರೋಗ್ಯಕ್ಕೆ ಹಾನಿಯಿದ್ದರೆ ಬಳಸಬಾರದು, ಅದು ನಜೀಸೆಂಬ ಕಾರಣಕ್ಕಲ್ಲ, ಹಾನಿಯ ಕಾರಣಕ್ಕೆ ಎಂದೂ ಹೇಳಿತು. ಕುಡಿಯುವುದನ್ನು ಸಾಧ್ಯವಾದಷ್ಟು ತಪ್ಪಿಸುವುದೇ ಒಳ್ಳೆಯದೆಂದು ಸಲಹೆ ನೀಡಿತು. 1989ರಲ್ಲಿ ಮಕ್ಕಾದ ಫಿಕ್‌ಹ್ ಅಕಾಡೆಮಿಯೂ ಇದೇ ರೀತಿಯ ನಿರ್ಧಾರಕ್ಕೆ ಬಂತು.

ಜಗತ್ತಿನ ಕೆಲವು ನಗರಗಳು ಇದಕ್ಕಿಂತಲೂ ಮುಂದೆ ಹೋಗಿವೆ. ಆಫ್ರಿಕಾದ ನಮೀಬಿಯಾ ದೇಶದ ರಾಜಧಾನಿ ವಿಂಡ್‌ಹುಕ್‌ನಲ್ಲಿ 1968ರಿಂದಲೇ ಕೊಳಚೆ ನೀರನ್ನು ಅತ್ಯುನ್ನತ ಮಟ್ಟಕ್ಕೆ ಶುದ್ಧೀಕರಿಸಿ ಕುಡಿಯುವ ನೀರಿಗೆ ಸೇರಿಸಲಾಗುತ್ತಿದೆ. ಸಿಂಗಾಪುರವು 2003ರಿಂದ ಅತಿ ಸೂಕ್ಷ್ಮ ಪೊರೆಗಳಲ್ಲಿ ಸೋಸಿದ ನೀರನ್ನು ಹೆಚ್ಚಾಗಿ ಕಾರ್ಖಾನೆಗಳಿಗೆ ಕೊಟ್ಟು, ಸ್ವಲ್ಪ ಭಾಗವನ್ನು ಜಲಾಶಯಗಳಿಗೆ ಬೆರೆಸುತ್ತಿದೆ. ಅಲ್ಲಿನ ಮುಸ್ಲಿಮರು ಅದೇ ನಲ್ಲಿಗಳಿಂದ ವುಝೂ ಮಾಡುತ್ತಾರೆ.

ಆದರೆ ಇಲ್ಲಿ ಎಚ್ಚರ ಬೇಕು. ನಮ್ಮ ನಗರಗಳಲ್ಲಿ ಕಟ್ಟಡ ಕೆಲಸಕ್ಕೆ, ಉದ್ಯಾನಕ್ಕೆ, ಶೌಚಾಲಯಕ್ಕೆ ಬರುವ ಶುದ್ಧೀಕರಿಸಿದ ನೀರು ಆ ಮಟ್ಟದ್ದಲ್ಲ. ಅದರಲ್ಲಿ ಬಣ್ಣವೋ ವಾಸನೆಯೋ ಉಳಿದಿರಬಹುದು, ರೋಗಾಣುವೂ ಇರಬಹುದು. ಅದನ್ನು ವುಝೂಗಾಗಲಿ, ಕುಡಿಯಲಿಕ್ಕಾಗಲಿ ಬಳಸಬೇಡಿ. ದೊಡ್ಡ ವಸತಿ ಸಮುಚ್ಚಯಗಳಲ್ಲಿ ಇರುವವರು ಇನ್ನೊಂದು ವಿಷಯ ವಿಚಾರಿಸಿಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ಎರಡು ಕೊಳವೆಗಳಿರುತ್ತವೆ, ಒಂದು ಹೊಸ ನೀರಿಗೆ, ಇನ್ನೊಂದು ಶುದ್ಧೀಕರಿಸಿದ ನೀರಿಗೆ. ಶೌಚಾಲಯದ ಫ್ಲಶ್‌ಗೆ ಎರಡನೆಯದು ಸಾಕು. ಆದರೆ ಶೌಚಕ್ಕೆ ಬಳಸುವ ಕೈ ಪೈಪು ಹೊಸ ನೀರಿನ ಕೊಳವೆಗೇ ಜೋಡಿಸಿರಬೇಕು. ಪ್ಲಂಬರನ್ನು ಕರೆದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಆಮೇಲೂ ಸಂದೇಹ ಉಳಿದರೆ ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿ ತಿಳಿಯಿರಿ.

ವುಝೂ ಮಾಡಿದ ನೀರು ಕೊಳಚೆಯಲ್ಲ

ಈಗ ನಮ್ಮ ಮೊದಲ ಪ್ರಶ್ನೆಗೆ ಮರಳೋಣ. ವುಝೂ ಮಾಡಿ ಕೆಳಗೆ ಬಿದ್ದ ನೀರಿನ ಸ್ಥಾನವೇನು? ಹನಫೀ ಮತ್ತು ಶಾಫಿಈ ಮದ್‌ಹಬ್‌ಗಳಲ್ಲಿ ಪ್ರಚಲಿತವಾದ ಅಭಿಪ್ರಾಯದಂತೆ, ಒಮ್ಮೆ ವುಝೂಗೆ ಬಳಸಿದ ನೀರಿನಿಂದ ಮತ್ತೆ ವುಝೂ ಮಾಡಲಾಗದು. ಆದರೆ ಆ ನೀರು ಸ್ವತಃ ಪಾಕ್. ಬಟ್ಟೆಗೆ ಸಿಡಿದರೆ ಬಟ್ಟೆ ನಜೀಸಾಗುವುದಿಲ್ಲ. ಹಾಗಿರುವಾಗ ಪಾಕ್ ಆದ ಆ ನೀರನ್ನು ನಾವು ಶೌಚಾಲಯದ ಕೊಳಚೆಯೊಂದಿಗೆ ಒಂದೇ ಕೊಳವೆಯಲ್ಲಿ ಏಕೆ ಬೆರೆಸುತ್ತಿದ್ದೇವೆ? ಸಾಬೂನಿಲ್ಲದ, ಎಣ್ಣೆಯಿಲ್ಲದ ನೀರು ಅದು. ಗಿಡಕ್ಕೆ, ಅಂಗಳ ತೊಳೆಯಲಿಕ್ಕೆ, ಶೌಚಾಲಯದ ಫ್ಲಶ್‌ಗೆ ಯಾವ ಯಂತ್ರವೂ ಇಲ್ಲದೆ ಹಾಗೆಯೇ ಬಳಸಬಹುದು. ಮಸೀದಿಯ ವುಝೂ ಜಾಗದ ಚರಂಡಿಯನ್ನು ಶೌಚಾಲಯದ ಚರಂಡಿಯಿಂದ ಬೇರ್ಪಡಿಸಿ, ಒಂದು ಮರಳು-ಜಲ್ಲಿಯ ಗುಂಡಿಯ ಮೂಲಕ ತೊಟ್ಟಿಗೋ ತೆಂಗಿನ ಬುಡಕ್ಕೋ ಇಂಗುಗುಂಡಿಗೋ ಬಿಡುವುದು ಒಂದೆರಡು ದಿನಗಳ ಗಾರೆ ಕೆಲಸ.

ಒಂದು ಲೆಕ್ಕ ಹಾಕಿ. ನಿಮ್ಮ ಮಸೀದಿಯಲ್ಲಿ ದಿನಕ್ಕೆ ಒಟ್ಟು 300 ಮಂದಿ ವುಝೂ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರು 5 ಲೀಟರ್ ಬಳಸಿದರೂ ದಿನಕ್ಕೆ 1,500 ಲೀಟರ್, ತಿಂಗಳಿಗೆ 45,000 ಲೀಟರ್. ಹೊಸ ಮಸೀದಿ ಕಟ್ಟುವಾಗ ಅಮೃತಶಿಲೆಯ ಬಣ್ಣದ ಬಗ್ಗೆ ಮೂರು ಸಭೆ ಸೇರುವ ನಮ್ಮ ಜಮಾಅತ್ ಸಮಿತಿಗಳು ಈ 45,000 ಲೀಟರಿನ ಬಗ್ಗೆ ಒಂದು ಸಭೆಯನ್ನಾದರೂ ಸೇರಬೇಡವೇ?

ಒಂದು ಮುದ್ದ್ ನೀರು

ಮರುಬಳಕೆ ಎರಡನೆಯ ಮಾತು. ಮೊದಲನೆಯದು ಮಿತ ಬಳಕೆ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂವನ್ನೂ, ನಾಲ್ಕರಿಂದ ಐದು ಮುದ್ದ್ ನೀರಿನಲ್ಲಿ ಸ್ನಾನವನ್ನೂ ಪೂರೈಸುತ್ತಿದ್ದರೆಂದು ಹಝ್ರತ್ ಅನಸ್(ರ) ತಿಳಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಒಂದು ಮುದ್ದ್ ಎಂದರೆ ಮಧ್ಯಮ ಗಾತ್ರದ ಎರಡು ಕೈಗಳ ಒಂದು ಬೊಗಸೆ. ಇಂದಿನ ಅಳತೆಗೆ ಇಳಿಸುವಾಗ ವಿದ್ವಾಂಸರ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆಯಾದರೂ ಒಂದು ಲೀಟರಿನ ಆಸುಪಾಸಿಗಿಂತ ಮೇಲೆ ಹೋಗುವುದಿಲ್ಲ. ಹರಿಯುವ ನದಿಯ ಬಳಿಯಲ್ಲಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದೆಂದು ಹಝ್ರತ್ ಸಅದ್(ರ)ರಿಗೆ ತಿಳಿಹೇಳಿದ ಪ್ರಸಂಗವನ್ನು ಇಬ್ನು ಮಾಜಃ ಉಲ್ಲೇಖಿಸಿದ್ದಾರೆ. ಅದರ ವರದಿ ಸರಣಿಯ ಬಗ್ಗೆ ಚರ್ಚೆಯಿದ್ದರೂ, ಪ್ರವಾದಿವರ್ಯರ(ಸ) ರೂಢಿಯೇ ಅದರ ಅರ್ಥವನ್ನು ಸಮರ್ಥಿಸುತ್ತದೆ.

ಇಂದೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಎಂದಿನಂತೆ ವುಝೂ ಮಾಡಿ. ಆಮೇಲೆ ಬಕೆಟ್‌ನಲ್ಲಿರುವ ನೀರನ್ನು ಲೀಟರಿನ ಬಾಟಲಿಯಿಂದ ಅಳೆಯಿರಿ. ಮಕ್ಕಳಿಂದಲೇ ಅಳೆಯಿಸಿ, ಅವರಿಗೆ ಅದು ಆಟವೂ ಆಯಿತು, ಪಾಠವೂ ಆಯಿತು. ಮರುದಿನ ಚೊಂಬಿನಲ್ಲಿ ಎರಡು ಲೀಟರ್ ನೀರು ತೆಗೆದುಕೊಂಡು ವುಝೂ ಮಾಡಿ ನೋಡಿ. ಎಲ್ಲ ಅಂಗಗಳೂ ಚೆನ್ನಾಗಿ ತೊಳೆದು ನೀರು ಉಳಿಯುವುದನ್ನು ಕಂಡು ನೀವೇ ಆಶ್ಚರ್ಯಪಡುವಿರಿ. ಐದು ಮಂದಿಯ ಮನೆಯಲ್ಲಿ ದಿನಕ್ಕೆ 25 ವುಝೂ. ಒಂದೊಂದರಲ್ಲಿ 4 ಲೀಟರ್ ಉಳಿದರೆ ದಿನಕ್ಕೆ 100 ಲೀಟರ್. ನಗರವಾಸಿಯೊಬ್ಬನಿಗೆ ದಿನವೊಂದಕ್ಕೆ ಬೇಕೆಂದು ಯೋಜಕರು ಇಟ್ಟಿರುವ ಪ್ರಮಾಣ 135 ಲೀಟರ್. ಅಂದರೆ ಒಬ್ಬ ಮನುಷ್ಯನ ಒಂದು ದಿನದ ಪಾಲಿನ ಮುಕ್ಕಾಲು ಭಾಗದಷ್ಟು ನೀರನ್ನು ನಿಮ್ಮ ಮನೆಯ ವುಝೂ ಒಂದೇ ಉಳಿಸಿಕೊಟ್ಟಿತು!

ಮಿತ ಬಳಕೆಯೆಂದರೆ ವುಝೂವನ್ನು ಅರೆಬರೆ ಮಾಡುವುದೆಂದು ತಿಳಿಯಬಾರದು. ಹಿಮ್ಮಡಿ ಒಣಗಿ ಉಳಿಯಬಾರದು, ಅಂಗಗಳು ಪೂರ್ಣವಾಗಿ ತೊಳೆಯಲ್ಪಡಬೇಕು. ನಾವು ನಿಲ್ಲಿಸಬೇಕಾದುದು ತಲೆ ಸವರುವಾಗ, ತೋಳು ಮೇಲೇರಿಸುವಾಗ, ಪಕ್ಕದವನೊಡನೆ ಮಾತಾಡುವಾಗ ಸುಮ್ಮನೆ ಹರಿಯುವ ನೀರನ್ನು ಮಾತ್ರ.

ಮನೆಯಲ್ಲಿ ಆಗಬೇಕಾದ ಕೆಲಸ

ಮನೆಯ ನೀರು ಹೆಚ್ಚಾಗಿ ನಡೆಯುವುದು ಸಹೋದರಿಯರ ಕೈಯಲ್ಲಿ. ಅವರಿಗೆ ಹೇಳಿಕೊಡಬೇಕಾಗಿಯೂ ಇಲ್ಲ. ನೀರಿಲ್ಲದ ದಿನ ಕೊಡ ಹೊತ್ತವರಿಗೆ ನೀರಿನ ಬೆಲೆ ಗೊತ್ತು. ಆದರೂ ಮನೆಯವರೆಲ್ಲರೂ ಸೇರಿ ಮಾಡಬಹುದಾದ ಕೆಲವು ಸಂಗತಿಗಳನ್ನು ನೆನಪಿಸೋಣ. ತೊಟ್ಟಿಕ್ಕುವ ನಲ್ಲಿಯನ್ನು ಇಂದೇ ಸರಿಪಡಿಸಿ. ಸೆಕೆಂಡಿಗೊಂದು ಹನಿ ಬಿದ್ದರೂ ದಿನ ಮುಗಿಯುವಾಗ ಸುಮಾರು ಒಂದು ಬಕೆಟ್ಟಿನಷ್ಟು ಹೋಗಿರುತ್ತದೆ. ನಲ್ಲಿಗಳಿಗೆ ಏರೇಟರ್ ಹಾಕಿಸಿ. ಅಕ್ಕಿ, ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕಿ. ಕುಡಿಯುವ ನೀರಿಗೆ ಆರ್.ಒ. ಯಂತ್ರವಿದ್ದರೆ ಅದು ಒಂದು ಲೀಟರ್ ಕೊಡುವಾಗ ಎರಡು ಮೂರು ಲೀಟರ್ ಹೊರಕ್ಕೆ ಬಿಡುತ್ತದೆ. ಆ ನೀರು ಪಾಕ್ ಆದುದೇ. ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಹಿಡಿದಿಡಿ. ಮದುವೆ, ವಲೀಮಾ ಔತಣಗಳಲ್ಲಿ ಅರ್ಧ ಕುಡಿದು ಬಿಟ್ಟ ಬಾಟಲಿಗಳ ರಾಶಿಯನ್ನು ಒಮ್ಮೆ ಕಣ್ಣು ತೆರೆದು ನೋಡಿ.

ಬಾವಿಯಲ್ಲಿ ನೀರಿದ್ದವರು ನೆರೆಯವರಿಗೆ ಕೊಡಿ. ತನಗೆ ಹೆಚ್ಚಾದ ನೀರನ್ನು ದಾರಿಹೋಕನಿಗೆ ತಡೆದವನ ಕಡೆಗೆ ಪುನರುತ್ಥಾನದ ದಿನ ಅಲ್ಲಾಹನು ನೋಡುವುದಿಲ್ಲವೆಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಕೇಳಲು ಬಂದವನ ಧರ್ಮ ಯಾವುದೆಂದು ಬಾಯಾರಿಕೆ ಕೇಳುವುದಿಲ್ಲ, ನಾವೂ ಕೇಳಬಾರದು. ಬಾಯಾರಿದ ನಾಯಿಗೆ ನೀರು ಕುಡಿಸಿದ್ದಕ್ಕಾಗಿ ಪಾಪಗಳು ಕ್ಷಮಿಸಲ್ಪಟ್ಟ ವೃತ್ತಾಂತವನ್ನು ನಮಗೆ ಕಲಿಸಿದ್ದು ಇದೇ ಹದೀಸುಗಳಲ್ಲವೇ?

ಸಹೋದರ ಸಹೋದರಿಯರೇ, ಸರಕಾರ ಕೊಳವೆ ಹಾಕಬಲ್ಲದು, ದಂಡ ವಿಧಿಸಬಲ್ಲದು, ಶುದ್ಧೀಕರಣ ಘಟಕ ಕಟ್ಟಬಲ್ಲದು. ಆದರೆ ನಲ್ಲಿಯ ಮೇಲಿರುವ ಕೈ ನಮ್ಮದು. ಅಂತ್ಯದಿನ ಪ್ರತಿಯೊಂದು ಅನುಗ್ರಹದ ಬಗ್ಗೆಯೂ ನಮ್ಮನ್ನು ಪ್ರಶ್ನಿಸಲಾಗುವುದು. ಅಂದು ತಣ್ಣನೆಯ ನೀರಿನ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ.

ಇಂದಿನ ಮಗ್‌ರಿಬ್‌ಗೆ ವುಝೂ ಮಾಡಲು ಕುಳಿತಾಗ ನಲ್ಲಿಯನ್ನು ಅರ್ಧ ಮಾತ್ರ ತಿರುಗಿಸಿ. ತಲೆ ಸವರುವಾಗ ಅದನ್ನು ನಿಲ್ಲಿಸಿ. ಪಕ್ಕದಲ್ಲಿ ಕುಳಿತ ಮಗು ಅದನ್ನು ನೋಡುತ್ತಿರುತ್ತದೆ.